ದೊಡ್ಡ ಗ್ವಾಡಿಗೆ ಸಣ್ಣ ರೊಕ್ಕದಾಗ ಏನ್ ಹಾಕೂದು? ಫ್ಲೆಕ್ಸೋ, ಕ್ಯಾನ್ವಾಸೋ, ಅಜ್ಜಿ ಕೌದಿಯೋ

ಹೋದ ದೀಪಾವಳಿಗೆ ಮನಿಗೆ ಬಣ್ಣ ಹೊಡಸಿದ ಮ್ಯಾಲ ನಮ್ಮ ಪಡಸಾಲಿ ಗ್ವಾಡಿ ಭಾಳ ಬೋಳ ಕಾಣಾಕ ಹತ್ತಿತ್ತು. ಸೋಫಾದ ಮ್ಯಾಲ ಹತ್ತಡಿ ಅಗಲ ಜಾಗಾ, ಒಂದು ಕ್ಯಾಲೆಂಡರ್ ಬಿಟ್ರ ಏನೂ ಇಲ್ಲ, ಬಂದವರೆಲ್ಲಾ "ಇಲ್ಲೇನರ ಹಾಕ್ರೆಲಾ" ಅಂತ ಹೇಳಿ ಚಾ ಕುಡದು ಹೋಗೋರು. ಹೇಳಾಕೇನ್ ಹೋಗೂದೈತಿ. ಕಟ್ಟು ಹಾಕೊ ಅಂಗಡಿಗೆ ಹೋಗಿ ನಾಕಡಿ ಮೂರಡಿ ಚಿತ್ರಕ್ಕ ಗಾಜು ಕೂಡ್ಸಿ ಫ್ರೇಮ್ ಹಾಕಿದ್ರ ಎಷ್ಟಾಗತೈತಿ ಅಂತ ಕೇಳ್ದೆ, ಅವ ಹೇಳಿದ ರೇಟಿನಾಗ ಒಂದು ಛಲೋ ಸೀಲಿಂಗ್ ಫ್ಯಾನ್ ಬರತಿತ್ತು, ಅದೂ ಚಿತ್ರ ನಮ್ಮದು, ಬರೇ ಕಟ್ಟಿನ ರೊಕ್ಕ.

ಆವತ್ತಿಂದ ಒಂದು ವರ್ಷ ನಾನು ಬಾಗಲಕೋಟಿ ನವನಗರದ ಈ ಮನ್ಯಾಗ ಒಂದಾದ ಮ್ಯಾಲ ಒಂದು ಮಾಡಿ ನೋಡೀನಿ, ಕೆಲವು ಕೆಟ್ಟಾವು, ಕೆಲವು ನಿಂತಾವು. ಈಗ ಏನಾಗೇತಿ ಅಂದ್ರ ನಮ್ಮ ಸೋದರಮಾವನ ಮಗಳು ಬೆಳಗಾವಿ ಟಿಳಕವಾಡಿಯಿಂದ ಫೋನ್ ಮಾಡಿ ಬಾಡಿಗಿ ಮನ್ಯಾಗ ಏನ್ ಹಾಕಲಿ ಅಂತ ಕೇಳತಾಳ, ವಿಜಯಪುರದ ಗೆಳೆಯ ಒಬ್ಬ ಹೊಸಾ ಮನಿ ಕಟ್ಟಿ ಡಬಲ್ ಹೈಟ್ ಗ್ವಾಡಿ, ಅಂದ್ರ ಎರಡ ಅಂತಸ್ತಿನ ಎತ್ತರದ್ದು, ಬಿಟ್ಟಕೊಂಡು ಕುಂತಾನ, ಬಾಜೂ ಮನಿ ಕಾಕೂಗೆ ಮಗನ ಲಗ್ನದ ಒಳಗ ಪಡಸಾಲಿ ತಯಾರಾಗಬೇಕಿತ್ತು. ಮೂರೂ ಮಂದಿಗೆ ಒಂದ ಉತ್ರ ಹೇಳಾಕ ಬರಂಗಿಲ್ಲ, ಅದಕ್ಕ ಎಲ್ಲಾ ಒಂದ ಕಡೆ ಬರದು ಹಾಕತೀನಿ.

ಮೊದಲ ಒಂದು ಮಾತು. ದೊಡ್ಡ ಚಿತ್ರದಾಗ ಚಿತ್ರಕ್ಕ ಹೋಗೊ ರೊಕ್ಕ ಕಮ್ಮಿ. ಕಟ್ಟು, ಗಾಜು, ಅದನ್ನ ಗ್ವಾಡಿಗೆ ನಿಲ್ಲಸೂ ಖರ್ಚು, ಇದ್ರಾಗ ಮನಷ್ಯಾ ಮುಳಗತಾನ. ಗಾಜಿಂದು ತೂಕಾನೂ ಲೆಕ್ಕ ಹಾಕ್ರಿ: ಒಂದು ಚದರ ಮೀಟರ್ ಗಾಜು ಒಂದೊಂದು ಮಿಲಿಮೀಟರ್ ದಪ್ಪಕ್ಕ ಎರಡೂವರಿ ಕೆಜಿ ತೂಗತೈತಿ. ನಾಕಡಿ ಮೂರಡಿಗೆ 3 ಎಂಎಂ ಗಾಜು ಹಾಕಿದ್ರ ಬರೇ ಗಾಜು 8 ಕೆಜಿ ಮ್ಯಾಲ. ಅದು ನಿಮ್ಮ ಅಪ್ಪಾರು ಕುಂತು ಪೇಪರ್ ಓದೂ ಸೋಫಾದ ನೆತ್ತಿ ಮ್ಯಾಲ ಜೋತಾಡತಿರತೈತಿ. ಆಕ್ರಿಲಿಕ್ ಶೀಟ್ ಹಾಕಿದ್ರ ತೂಕ ಅರ್ಧ ಆಗತೈತಿ ಖರೆ, ರೊಕ್ಕ ಅರ್ಧ ಆಗಂಗಿಲ್ಲ, ಮತ್ತ ಒಣ ಅರಬಿಲೆ ಒರಸಿದ್ರ ಗೀರು ಬೀಳತಾವು. ಹಿಂಗಾಗಿ ನಾನು ಕೆಳಗ ಬರದದ್ದರಾಗ ಗಾಜು ಬೇಕಾಗೂವು ಭಾಳ ಇಲ್ಲ, ಬೇಕಂತನ ಬಿಟ್ಟೀನಿ.

ಆರಸೂಕಿಂತ ಮೊದಲ ಗ್ವಾಡಿ ನೋಡ್ರಿ

ಎಲ್ಲಾರೂ ಚಿತ್ರ ಆರಸಾಕ ಹೋಗತಾರ, ಗ್ವಾಡಿನ ಯಾರೂ ನೋಡಂಗಿಲ್ಲ. ನಾನೂ ನೋಡಿರಲಿಲ್ಲ.

ಸೈಜು ಮೊದಲ. ಸೋಫಾ ಆರಡಿ ಇದ್ರ ಚಿತ್ರ ನಾಕರಿಂದ ನಾಕೂವರಿ ಅಡಿ ಅಗಲ ಇದ್ರ ಕಣ್ಣಿಗೆ ಕೂಡತೈತಿ, ಅಂದ್ರ ಮೂರರಾಗ ಎರಡ ಪಾಲೋ ನಾಕರಾಗ ಮೂರ ಪಾಲೋ. ಎರಡಡಿದು ಹಾಕಿದ್ರ ಎತ್ತಿನ ಹಣಿಗೆ ಕುಂಕುಮ ಹಚ್ಚಿದಂಗ. ಚಿತ್ರದ ನಟ್ಟನಡುವಿನ ಜಾಗಾ ನೆಲದಿಂದ ಸುಮಾರು 58 ಇಂಚಿಗೆ ಬರಬೇಕು, ಸೋಫಾದ ಬೆನ್ನಿಂದ ಒಂದು ಗೇಣು ಮ್ಯಾಲ. ನಮ್ಮ ಕಡೆ ಎಲ್ಲಾರೂ ದೇವರ ಫೋಟೋ ಹಾಕಿದಂಗ ಬಾಗಲಾ ಚೌಕಟ್ಟಿನ ಮ್ಯಾಲ ಹಾಕಿ ಕುತ್ತಿಗಿ ಎತ್ತಿ ನೋಡಸ್ತಾರ. ಇದಕ್ಕ ಸೋವಿ ಉಪಾಯ ಐತಿ: ಹಳೇ ಪೇಪರ್ ನಾಕೈದು ಹಾಳಿ ಅಂಟಸಿ ಬೇಕಾದ ಸೈಜಿನ ಒಂದು ಹಾಳಿ ಮಾಡಿ, ಮಾಸ್ಕಿಂಗ್ ಟೇಪ್‌ಲೆ ಗ್ವಾಡಿಗೆ ಹಚ್ಚಿ ಎರಡ ದಿನಾ ಹಂಗ ಬಿಡ್ರಿ. ಹೋಗ್ತಾ ಬರ್ತಾ ನೋಡಿದ್ರ ತಾನ ಗೊತ್ತಾಗತೈತಿ ಸಣ್ಣದಾತೋ ದೊಡ್ಡದಾತೋ ಅಂತ.

ಆಮ್ಯಾಲ ಗ್ವಾಡಿ ಯಾತರದು. ಹಳೇ ಊರಾಗಿನ ಮನಿ ಆದ್ರ ಕಲ್ಲು ಮಣ್ಣಿನ ಗ್ವಾಡಿ, ಮ್ಯಾಲ ಸುಣ್ಣ. ಅದಕ್ಕ ಮೊಳಿ ಹೊಡದ್ರ ಒಂದೋ ಕಲ್ಲಿಗೆ ತಾಗಿ ಮೊಳಿನ ಮಣೀತೈತಿ, ಇಲ್ಲಾ ಮಣ್ಣಿಗೆ ಹೋಗಿ ಅಂಗೈ ಅಗಲ ಪೊಳ್ಳು ಉದರತೈತಿ. ಅಂಥಾ ಮನ್ಯಾಗ ಹಿರ್ಯಾರು ಹಾಕಿದ ಕಟಗಿ ಗೂಟ ಇದ್ರ ಅವನ್ನ ದೇವರಂತ ತಿಳದು ಅದಕ್ಕ ಜೋತ ಬಿಡ್ರಿ, ಅವು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಂಗಿಲ್ಲ. ಸಿಮೆಂಟ್ ಗ್ವಾಡಿಗೆ ಹ್ಯಾಮರ್ ಡ್ರಿಲ್ ಹಚ್ಚಿ ಗಿಟ್ಟಿ (ಸ್ಕ್ರೂ ಹಿಡಿಯೂ ತುಂಡು) ಹಾಕಿ ಸ್ಕ್ರೂ ಬಿಗಿಬೇಕು, ಎಲೆಕ್ಟ್ರಿಷಿಯನ್ ಕರದ್ರ ಹತ್ತ ಮಿನಿಟಿನ ಕೆಲಸ. ಆದ್ರ ಸ್ವಿಚ್ ಬೋರ್ಡಿನ ನೆಟ್ಟಗ ಮ್ಯಾಲ, ನೆಟ್ಟಗ ಕೆಳಗ ತೂತು ಕೊರಿಬ್ಯಾಡ್ರಿ, ಒಳಗ ಪೈಪಿನ್ಯಾಗ ವೈರ್ ಹೋಗಿರತೈತಿ.

ಮೂರನೇದು ಹವಾ, ಇದನ್ನ ಇಂಟರ್ನೆಟ್ಟಿನ ವಿಡಿಯೋದಾಗ ಯಾರೂ ಹೇಳಂಗಿಲ್ಲ ಯಾಕಂದ್ರ ಅವರು ಬಾಗಲಕೋಟಿ ಬಿಸಲು ಕಂಡಿಲ್ಲ. ಏಪ್ರಿಲ್ ಮೇದಾಗ ನಮ್ಮಲ್ಲಿ, ವಿಜಯಪುರದಾಗ 40 ಡಿಗ್ರಿ ದಾಟತೈತಿ, ಪಡುವಣ ದಿಕ್ಕಿನ ಗ್ವಾಡಿ ಸಂಜಿ ಏಳಕ್ಕೂ ಹಂಚಿನಂಗ ಸುಡತಿರತೈತಿ. ಡಬಲ್ ಟೇಪ್‌ಲೆ ಅಂಟಿಸಿದ್ದೆಲ್ಲ ಮಧ್ಯಾಹ್ನ ಎರಡರ ಸುಮಾರಿಗೆ ಧಡ್ ಅಂತ ಬೀಳತಾವು. ಬೆಳಗಾವಿಗೆ ಹೋದ್ರ ಉಲ್ಟಾ, ಜೂನಿಂದ ಹಿಡದು ಮಳಿ ಬಿಡಂಗಿಲ್ಲ, ಗ್ವಾಡಿ ಥಂಡಿ ಹಿಡೀತೈತಿ, ಕಾಗದ ಅಲಿ ಅಲಿ ಆಗತೈತಿ, ಎಂಡಿಎಫ್ (ಕಟಗಿ ಹುಡಿ ಒತ್ತಿ ಮಾಡಿದ) ಹಲಗಿ ಅಂಚು ಬಿಸ್ಕೀಟಿನಂಗ ಉಬ್ಬತೈತಿ, ಹಿಂದ ಬೂಷ್ಟು ಬರತೈತಿ. ಎರಡೂ ಊರಿಗೆ ಒಂದ ಮಾಲು ನಡಿಯಂಗಿಲ್ಲ. ಧೂಳು ಮಾತ್ರ ಎಲ್ಲಾ ಊರಾಗೂ ಐತಿ.

ಉಳದದ್ದು ನಿಮ್ಮ ಕೈಯಾಗಿನ ರೊಕ್ಕ, ವ್ಯಾಳ್ಯಾ, ಮತ್ತ ಬಾಡಿಗಿ ಮನಿಯೋ ಸ್ವಂತದ್ದೋ. ಎಲ್ಲಾ ಲೆಕ್ಕಾನೂ ನಾಕಡಿ ಮೂರಡಿಗೆ, ಅಂದ್ರ 12 ಚದರ ಅಡಿಗೆ ಹಿಡದೀನಿ. ಹೇಳೊ ರೇಟು ನಾನು ಕೊಟ್ಟದ್ದು, ನಿಮ್ಮೂರಾಗ ಹತ್ತಿಪ್ಪತ್ತು ಆಕಡೆ ಈಕಡೆ ಆಗತೈತಿ.

ಫ್ಲೆಕ್ಸ್, ಅಂದ್ರ ನನ್ನ ಮೊದಲ ಸೋಲು

ಎಲ್ಲಾಕಿಂತ ಸೋವಿ ಇದ. ಚದರ ಅಡಿಗೆ 20 ರೂಪಾಯಿ ಹಿಡದು ಕೊಟ್ಟಾರ, 240 ರೂಪಾಯಿಗೆ ಮುಗೀತು. ಬದಾಮಿ ಅಗಸ್ತ್ಯತೀರ್ಥದ ದಂಡಿ ಮ್ಯಾಲ ಭೂತನಾಥ ಗುಡಿ, ಹಿಂದ ಕೆಂಪ ಗುಡ್ಡ, ಸಂಜಿ ಬಿಸಲು, ತಮ್ಮ ತಗದ ಫೋಟೋ ಭಾಳ ಛಂದ ಇತ್ತು. ಅವ ಅದನ್ನ ವಾಟ್ಸಾಪ್‌ನ್ಯಾಗ ಕಳಿಸಿದ, ನಾನು ಹಂಗ ಅಂಗಡ್ಯಾವಂಗ ಕಳಿಸ್ದೆ, ಅವನೂ ಏನೂ ಅನ್ನದ ಪ್ರಿಂಟ್ ಹೊಡದ. ಮನಿಗೆ ತಂದು ಬಿಚ್ಚಿದ್ರ ಗುಡಿ ಎಲ್ಲೈತಿ, ನೀರು ಎಲ್ಲೈತಿ ಗೊತ್ತಾಗವಲ್ದು, ಬರೇ ಚೌಕ ಚೌಕ. ವಾಟ್ಸಾಪ್ ಫೋಟೋನ ಹಿಂಡಿ ಸಣ್ಣದ ಮಾಡಿ ಕಳಸತೈತಿ, ಅದು ಮೊಬೈಲಿಗೆ ಸಾಕು, ಗ್ವಾಡಿಗೆ ಸಾಲಂಗಿಲ್ಲ. ಮತ್ತ ಅದರ ವಾಸನಿ! ಮೂರು ದಿನಾ ಹಾಲ್‌ನ್ಯಾಗ ಊಟಾ ಮಾಡಾಕ ಆಗಲಿಲ್ಲ. ಅವ್ವ ನೋಡಿ ಒಂದ ಮಾತು ಅಂದ್ಲು, "ಯಾರದು ಹುಟ್ಟಹಬ್ಬ ಐತೆಪಾ?"

ಅಷ್ಟ. ಈಗ ಅದು ಹಿತ್ತಲದಾಗ ಸೌದಿ ಮ್ಯಾಲ ಹೊಚ್ಚೈತಿ, ಆ ಕೆಲಸಕ್ಕ ಫ್ಲೆಕ್ಸಿನಂಥಾ ವಸ್ತು ಇಲ್ಲ.

ತಪ್ಪು ಪೂರಾ ಫ್ಲೆಕ್ಸಿಂದಲ್ಲ, ನಂದೂ ಐತಿ. ಫೋಟೋ ಪ್ರಿಂಟ್ ಹಾಕಸವರು ಇಷ್ಟು ತಿಳಕೋರಿ. ಸಾದಾ 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋ 4000 ಅಡ್ಡ, 3000 ಉದ್ದ ಚುಕ್ಕಿ ಇರತೈತಿ. ನಾಕಡಿ ಅಂದ್ರ 48 ಇಂಚು, ಇಂಚಿಗೆ 83 ಚುಕ್ಕಿ ಬೀಳತಾವು. ಏಳೆಂಟು ಅಡಿ ದೂರದಿಂದ ನೋಡೂ ಚಿತ್ರಕ್ಕ ಅಷ್ಟು ನಡೀತೈತಿ, ಅಡಿಗಿ ಮನಿ ದಾರ್‍ಯಾಗ ಮಗ್ಗಲಕ್ಕ ಹಾದ ಹೋಗೊ ಗ್ವಾಡಿಗೆ ಸಾಲಂಗಿಲ್ಲ. ಮೂಲ ಫೈಲನ್ನ ವಾಟ್ಸಾಪ್‌ನ್ಯಾಗ ಡಾಕ್ಯುಮೆಂಟ್ ಅಂತ ಕಳಸ್ರಿ, ಇಲ್ಲಾ ಪೆನ್ ಡ್ರೈವ್‌ನ್ಯಾಗ ಒಯ್ದ ಕೊಡ್ರಿ. ಪೂರಾ ಪ್ರಿಂಟ್ ಹೊಡಿಯೂ ಮೊದಲ ಒಂದ ಮೂಲಿ, ಅಂಗೈ ಅಗಲ, ಅದ ಸೈಜಿನಾಗ ಹೊಡದ ತೋರ್ಸು ಅನ್ರಿ. ಬೇಸರ ಮಾಡ್ಕೊಂಡ್ರ ಬ್ಯಾರೆ ಅಂಗಡಿಗೆ ಹೋಗ್ರಿ.

ಫ್ಲೆಕ್ಸ್ ಯಾರಿಗೆ ಅಂದ್ರ ಒಂದಿನದ ಕಾರ್ಯಕ್ರಮಕ್ಕ. ಸೀಮಂತ, ನಾಮಕರಣ, ಹಿಂದಿನ ಪರದಾ. ಮನಿಗೆ ಬ್ಯಾಡ.

ಸನ್‌ಬೋರ್ಡ್, ಕ್ಯಾನ್ವಾಸ್ ಪ್ರಿಂಟ್

ಅದ ಅಂಗಡ್ಯಾಗ ವಿನೈಲ್ ಪ್ರಿಂಟ್ ಹೊಡದು ಸನ್‌ಬೋರ್ಡಿಗೆ ಅಂಟಿಸಿ ಕೊಡತಾರ. ಅದು ಪಿವಿಸಿ ಫೋಮಿನ ಹಲಗಿ, ಹಗರ, ನೀರಿಗೆ ಏನೂ ಆಗಂಗಿಲ್ಲ. ಬೆಳಗಾವಿ ಮಳಿಗೆ ಹೇಳಿ ಮಾಡಿಸಿದ್ದು. ನನಗ ಚದರ ಅಡಿಗೆ 90 ಬಿತ್ತು, ಒಟ್ಟು ಸಾವಿರದ ಮ್ಯಾಲ ಸ್ವಲ್ಪ. ಹೊಳಪಿಂದು ಬ್ಯಾಡ, ಮ್ಯಾಟ್ ಲ್ಯಾಮಿನೇಶನ್ ಹಾಕು ಅಂತ ಹೇಳ್ರಿ, ಇಲ್ಲಾಂದ್ರ ಎದುರಿನ ಟ್ಯೂಬ್‌ಲೈಟ್ ಅದರಾಗ ಕಾಣತೈತಿ. 3 ಎಂಎಂ ತಗೊಂಡ್ರ ಬ್ಯಾಸಗ್ಯಾಗ ಬಾಗತೈತಿ, 5 ಎಂಎಂ ತಗೋರಿ. ಒಂದ ಕೊರತಿ: ಅಂಚು ನೋಡಿದ್ರ ಬಿಳಿ ಹಲಗಿ ಕಾಣತೈತಿ, ಬಸ್‌ಸ್ಟ್ಯಾಂಡಿನ ಬೋರ್ಡಿನಂಗ. ಸುತ್ತ ಒಂದಿಂಚಿನ ಕಟಗಿ ಪಟ್ಟಿ ಬಡಸಿದ್ರ ಮನಷ್ಯಾರ ಮನ್ಯಾಗಿನ ವಸ್ತು ಅನಸ್ತೈತಿ.

ಕ್ಯಾನ್ವಾಸ್ ಪ್ರಿಂಟ್ ನೋಡಾಕ ಎಲ್ಲಾಕಿಂತ ಶ್ರೀಮಂತ. ಗಾಜು ಬೇಕಿಲ್ಲ, ಹೊಳಪಿಲ್ಲ, ಅರಬಿ ನೇಯ್ಗಿ ಕಾಣತೈತಿ. ಆದ್ರ ಚದರ ಅಡಿ 180, ಮ್ಯಾಲ ಕಟಗಿ ಚೌಕಟ್ಟಿಗೆ ಎಳದ ಕೂಡಸಾಕ ಬ್ಯಾರೆ, ಒಟ್ಟು ಮೂರು ಸಾವಿರದ ಹತ್ರ ಹೋತು. ಇದನ್ನ ನಾನು ಮನಿಗೆ ಮಾಡಸಿಲ್ಲ, ಅಕ್ಕನ ಮನಿ ಗೃಹಪ್ರವೇಶಕ್ಕ ಕೊಟ್ಟೆ. ಬಾಜೂ ಮನಿ ಕಾಕೂ ಹಂಗ ವ್ಯಾಳ್ಯಾ ಇಲ್ಲ, ಕೈಗೆ ಬಣ್ಣ ಹಚ್ಚಿಕೊಳ್ಳೂ ಮನಸಿಲ್ಲ, ಮೂರು ಸಾವಿರ ಹೋದ್ರ ಹೋಗ್ಲಿ ಅನ್ನವರಿಗೆ ಇದ ಸರಿ. ಯಾವ ಚಿತ್ರ ಅಂದ್ರ, ರಾಜಾ ರವಿವರ್ಮ ತೀರಿಕೊಂಡದ್ದು 1906ರಾಗ, ನಮ್ಮ ಕಾಯ್ದೆ ಪ್ರಕಾರ ಕಲಾವಿದ ಸತ್ತು 60 ವರ್ಷಕ್ಕ ಹಕ್ಕು ಮುಗೀತೈತಿ, ಹಿಂಗಾಗಿ ಅವನ ಚಿತ್ರ ದೊಡ್ಡ ಫೈಲ್ ಸಿಕ್ರ ಯಾರ ಅಪ್ಪಣೆನೂ ಬೇಕಿಲ್ಲ. ಇವತ್ತಿನ ಕಲಾವಿದರು ಇನ್‌ಸ್ಟಾಗ್ರಾಮಿಗೆ ಹಾಕಿದ್ದನ್ನ ಇಳಿಸ್ಕೊಂಡು ಪ್ರಿಂಟ್ ಹೊಡಸಬ್ಯಾಡ್ರಿ, ಅವರಿಗೂ ಹೊಟ್ಟಿ ಐತಿ. ಬೇಕಾದ್ರ ಮೆಸೇಜ್ ಮಾಡಿ ಕೇಳ್ರಿ, ಎಷ್ಟೋ ಮಂದಿ ಸಣ್ಣ ರೊಕ್ಕಕ್ಕ ಫೈಲ್ ಕೊಡತಾರ.

ನಕ್ಷೆ ಹೊಡಿಯೂ ಪ್ಲಾಟರ್: ಯಾರಿಗೂ ಗೊತ್ತಿಲ್ಲದ ದಾರಿ

ಇಂಜಿನಿಯರಿಂಗ್ ಕಾಲೇಜಿನ ಹತ್ರ, ಮನಿ ನಕ್ಷೆ ಪ್ರಿಂಟ್ ತಗಿಯೂ ಝೆರಾಕ್ಸ್ ಅಂಗಡ್ಯಾಗ ದೊಡ್ಡ ಪ್ಲಾಟರ್ ಮಷೀನ್ ಇರತೈತಿ. ಎ-0 ಅಂದ್ರ 841 ಮಿಲಿಮೀಟರ್ ಅಗಲ, 1189 ಉದ್ದ, 16 ಎ-4 ಹಾಳಿ ಕೂಡಿಸಿದಷ್ಟು. ನಮ್ಮ ನಾಕಡಿ ಮೂರಡಿಗಿಂತ ಉದ್ದಕ್ಕ ಒಂದಿಂಚು, ಅಗಲಕ್ಕ ಮೂರಿಂಚಿನಷ್ಟು ಕಮ್ಮಿ ಅಷ್ಟ. ಕಪ್ಪು ಬಿಳಿ ಪ್ರಿಂಟಿಗೆ ನನ್ನ ಹತ್ರ 100 ರೂಪಾಯಿ ತಗೊಂಡಾರ. ಬಣ್ಣದ ಫೋಟೋ ಇದರಾಗ ಹೊಡಸಾಕ ಹೋಗಬ್ಯಾಡ್ರಿ, ಕಾಗದ ಶಾಯಿ ಹೀರಿ ಒದ್ದಿ ಆಗತೈತಿ. ಗೆರಿ ಚಿತ್ರಕ್ಕ, ಹಳೇ ಕಪ್ಪು ಬಿಳಿ ಫೋಟೋಕ್ಕ ಇದರ ಮುಂದ ಏನೂ ಇಲ್ಲ.

ವಿಜಯಪುರದ ಗೆಳೆಯಗ ನಾನು ಹೇಳಿದ್ದು ಇದ. ಬ್ರಿಟಿಷರ ಕಾಲದಾಗ ಪುರಾತತ್ವ ಸರ್ವೇದವರು ಅಲ್ಲಿನ ಇಮಾರತಿಗಳನ್ನ ಅಳದು ಗೆರಿ ಗೆರಿ ನಕ್ಷೆ ಬರದಾರ, ಹಳೇವು, ಈಗ ಯಾರ ಹಕ್ಕೂ ಇಲ್ಲ. ಗೋಳಗುಮ್ಮಟದ ನಟ್ಟನಡುವ ಸೀಳಿ ತೋರಸೂ ನಕ್ಷೆ ನೋಡ್ರಿ, ಹೊರಗಿಂದ 44 ಮೀಟರ್ ಅಡ್ಡಳತಿಯ ಗುಮ್ಮಟ, ಕೆಳಗ ಅದನ್ನ ಹೊತ್ತು ನಿಂತ ಕಮಾನು ಒಂದರಾಗ ಒಂದು ಹೆಣಕೊಂಡಾವು, ನಡುವ ಒಂದೂ ಕಂಬ ಇಲ್ಲ. ದಿನಾ ಅದರ ಮುಂದ ಬೈಕ್ ಮ್ಯಾಲ ಹೋಗವರಿಗೂ ಅದು ಹೆಂಗ ನಿಂತೈತಿ ಅಂತ ಇಂಥಾ ನಕ್ಷೆ ನೋಡಿದ ಮ್ಯಾಲ ತಿಳೀತೈತಿ. ಮೂರು ಹಾಳಿ ಬಾಜೂ ಬಾಜೂ ಹಾಕಿದ್ರ ಡಬಲ್ ಹೈಟ್ ಗ್ವಾಡಿಗೂ ತಡೀತೈತಿ, ಪ್ರಿಂಟಿನ ಖರ್ಚು 300.

ಅಂಟಸೂದು ಮಾತ್ರ ತಾಳ್ಮಿ ಕೆಲಸ. ಮೈದಾ ಅಂಟು ಹಚ್ಚಿದ್ರ ಜಿರಳಿ ಬಂದು ತಿಂತಾವು. ಫೆವಿಕಾಲಿಗೆ ನೀರು ಬೆರಸಿ ತೆಳ್ಳಗ ಮಾಡಿ 6 ಎಂಎಂ ಪ್ಲೈವುಡ್ಡಿಗೆ ಬ್ರಶ್‌ಲೆ ಹಚ್ಚಿ, ಹಾಳಿ ಒಂದ ಅಂಚಿಂದ ಇಳಿಸ್ತಾ ಒಣ ಅರಬಿಲೆ ನಡುವಿಂದ ಹೊರಗ ಸವರಬೇಕು. ಇಬ್ಬರು ಬೇಕು. ಮೊದಲನೇ ಹಾಳಿಗೆ ಗುಳ್ಳಿ ಏಳತಾವು, ಹೇಳಿರತೀನಿ, ಅದಕ್ಕ ಎರಡು ಪ್ರಿಂಟ್ ತಗೊಂಡ ಬರ್‍ರಿ. ಬೆಳಗಾವಿಯವರಿಗೆ ಇದು ಬ್ಯಾಡ, ಮಳಿಗಾಲಕ್ಕ ಕಾಗದ ಉಳಿಯಂಗಿಲ್ಲ.

ಸ್ವಂತ ಕೈಲೆ ಬಣ್ಣ

"ನನಗ ಚಿತ್ರ ತಗಿಯಾಕ ಬರಂಗಿಲ್ಲ" ಅಂತ ಎಲ್ಲಾರೂ ಇಲ್ಲೇ ಹಿಂದ ಸರೀತಾರ. ದೊಡ್ಡ ಚಿತ್ರಕ್ಕ ಕೈಚಳಕಕ್ಕಿಂತ ಬಣ್ಣ ಆರಸೂದು ದೊಡ್ಡದು. ಮೂರ ಬಣ್ಣ, ನಾಕ ಆಕಾರ ಸಾಕು: ಕೆಳಗ ಎರೀ ಮಣ್ಣಿನ ಕಪ್ಪು, ನಡುವ ಕುಸಬಿ ಹೂವಿನ ಹಳದಿ, ಮ್ಯಾಲ ಹೊತ್ತು ಮುಳಗೂ ಬಾನು. ನಮ್ಮ ಹೊಲಾನೇ ಅದು.

ಕ್ಯಾನ್ವಾಸ್ ಅಂಗಡ್ಯಾಗ ಕೊಳ್ಳಬ್ಯಾಡ್ರಿ, ಮನ್ಯಾಗ ಮಾಡ್ರಿ. ಒಂದೂವರಿ ಇಂಚಿನ ಕಟಗಿ ಪಟ್ಟಿ ಸುತ್ತ 14 ಅಡಿ, ನಡುವ ಒಂದು ಅಡ್ಡಪಟ್ಟಿ 3 ಅಡಿ, ಒಟ್ಟು 17 ಅಡಿ. ಆ ಅಡ್ಡಪಟ್ಟಿ ಉಳಸಾಕ ಹೋಗಬ್ಯಾಡ್ರಿ, ಅದಿಲ್ಲಾಂದ್ರ ಅರಬಿ ಎಳತಕ್ಕ ಚೌಕಟ್ಟು ಸೊಂಟಾ ಮಣಸತೈತಿ. ಮೂಲಿಗೆ ಎಲ್ ಪಟ್ಟಿ ಬಿಗೀರಿ. ಮ್ಯಾಲ ಮಾಂಜರಪಾಟ (ಬಣ್ಣ ಹಾಕದ ಒರಟ ಹತ್ತಿ) ಅರಬಿ, 42 ಇಂಚಿನ ಪನ್ನಾ, ಅಂದ್ರ ಅಗಲ, ಇರಬೇಕು, ನಾಕೂವರಿ ಅಡಿ ಉದ್ದ ಹರಸ್ರಿ, ನಾಕೂ ಕಡೆ ಮೂರು ಇಂಚು ಹಿಂದ ಮಡಚಾಕ ಬೇಕು. ಮೂಲಿಯಿಂದ ಬಡಿಯಾಕ ಚಾಲೂ ಮಾಡಿದ್ರ ಕೆಟ್ಟಿರಿ. ಒಂದ ಮಗ್ಗಲದ ನಟ್ಟನಡುವ ಒಂದು ಸ್ಟೇಪಲ್, ಎದರ ಮಗ್ಗಲ ಎಳದು ನಡುವ ಒಂದು, ಆಮ್ಯಾಲ ಉಳದ ಎರಡೂ ಮಗ್ಗಲ, ಹಿಂಗ ನಡುವಿಂದ ಮೂಲಿ ಕಡೆ ಬರಬೇಕು, ಹಲಗಿ ವಾದ್ಯಕ್ಕ ಬಾರ ಕಟ್ಟಿದಂಗ. ಆಮ್ಯಾಲ ನೀರಿನ ಪ್ರೈಮರ್ ಎರಡ ಕೈ. ಒದ್ದಿ ಇದ್ದಾಗ ಜೋಲು ಬಿದ್ದಂಗ ಕಾಣತೈತಿ, ಹೆದರಬ್ಯಾಡ್ರಿ, ಒಣಗಿದ ಮ್ಯಾಲ ಹತ್ತಿ ಅರಬಿ ಕುಗ್ಗಿ ಬೆಳ್ಳಲೆ ಹೊಡದ್ರ ಡಗ್ಗಿನಂಗ ಸಪ್ಪಳಾ ಬರತೈತಿ. ಆ ಸಪ್ಪಳಾ ಬಂದ್ರ ಅರ್ಧ ಕೆಲಸ ಮುಗದಂಗ.

ಬಣ್ಣ ಚಿತ್ರಕಾರರದ್ದು ಬ್ಯಾಡ, ಒಂದು ಲೀಟರ್ ಬಿಳಿ ಎಮಲ್ಷನ್, ಅದಕ್ಕ ಬಣ್ಣ ಕೊಡೂ ಮೂರು ಸಣ್ಣ ಸ್ಟೇನರ್ ಬಾಟ್ಲಿ, ಬೆರಸಿಕೋತ ಹೋಗ್ರಿ. ಗಾಢ ಬಣ್ಣ ಬೇಕಂದ್ರ ಸ್ಟೇನರ್ ಸುರದ್ರ ಒಣಗಂಗಿಲ್ಲ, ಅದಕ್ಕ ಕಪ್ಪು, ಕೆಂಪು ಸಣ್ಣ ಡಬ್ಬಿ ಬ್ಯಾರೆ ತಗೋರಿ. ಎಲ್ಲಾ ಸೇರಿ ನನಗ ಸಾವಿರದ ಹತ್ರ ಆತು, ಎರಡು ಐತವಾರ ಹೋದವು. ಮನಸಿಗೆ ಬರಲಿಲ್ಲ ಅಂದ್ರ ಮ್ಯಾಲ ಬಿಳಿ ಹೊಡದು ಮತ್ತ ಚಾಲೂ, ಈ ಸವಲತ್ತು ಯಾವ ಪ್ರಿಂಟಿನ್ಯಾಗೂ ಇಲ್ಲ.

ಸ್ವಂತ ಮನಿ ಆದ್ರ ಕ್ಯಾನ್ವಾಸೂ ಬ್ಯಾಡ, ಗ್ವಾಡಿಗೇ ಬರೀರಿ, 500 ರೂಪಾಯಿಯೊಳಗ ಮುಗೀತೈತಿ. ಮಾಸ್ಕಿಂಗ್ ಟೇಪ್ ಹಚ್ಚಿ ಗೆರಿ ಎಳಿವಾಗ ಮಾತ್ರ ನೋಡ್ಕೋರಿ, ಡಿಸ್ಟೆಂಪರ್ ಗ್ವಾಡಿ ಆದ್ರ ಟೇಪ್ ಜೋಡಿ ಹಳೇ ಬಣ್ಣಾನೂ ಹಪ್ಪಳದಂಗ ಎದ್ದ ಬರತೈತಿ. ಹಳೇ ಬೋರ್ಡ್ ಬರಿಯೂ ಪೇಂಟರ್ ಯಾರರ ಗೊತ್ತಿದ್ರ ಅವರನ್ನ ಕರೀರಿ. ಫ್ಲೆಕ್ಸ್ ಬಂದ ಮ್ಯಾಲ ಅವರ ಕೈಗೆ ಕೆಲಸ ಇಲ್ಲ, ಒಂದ ದಿನದ ಪಗಾರಕ್ಕ ಅವರು ತಗಿಯೂ ಗೆರಿ ನೀವು ನಾನು ತಿಂಗಳ ಕುಂತ್ರೂ ಬರಂಗಿಲ್ಲ.

ಅರಬಿ: ನನ್ನ ಮನಸು ನಿಂತದ್ದು ಇಲ್ಲೆ

ಇಷ್ಟೆಲ್ಲಾ ಮಾಡಿದ ಮ್ಯಾಲ ನಮ್ಮ ಗ್ವಾಡಿ ಮ್ಯಾಲ ಈಗ ಇರೂದು ಅಜ್ಜಿ ಹೊಲದ ಕೌದಿ. ಟ್ರಂಕಿನ್ಯಾಗ ಇಪ್ಪತ್ತು ವರ್ಷದಿಂದ ಡಾಂಬರ್ ಗುಳಿಗಿ ವಾಸನಿ ಕುಡಕೋತ ಬಿದ್ದಿತ್ತು. ಬಿಚ್ಚಿ ನೋಡಿದ್ರ ನಡುವ ದಾಳಿಂಬರ ಬಣ್ಣದ ಒಂದು ಚೌಕ, ಸುತ್ತ ಹಸರು, ನೀಲಿ, ಅಪ್ಪಾರ ಹಳೇ ಪಟಾಪಟಿ ಚಡ್ಡಿದೂ ಒಂದು ತುಂಡೈತಿ, ಅದರ ಮ್ಯಾಲ ಅಂಚಿಂದ ನಡುವಿನ ತನಕಾ ಬಿಳಿ ದಾರದ ಸಣ್ಣ ಸಣ್ಣ ಟಾಕಿ ಸಾಲು, ನೀರಾಗ ಕಲ್ಲು ಒಗದ್ರ ಅಲಿ ಏಳತಾವಲ್ಲ ಹಂಗ. ಐದಡಿ ಆರಡಿ. ಖರೀದಿ ಮಾಡಾಕ ಹೋದ್ರ ಇಷ್ಟ ದೊಡ್ಡ ಚಿತ್ರ ಯಾವ ಅಂಗಡ್ಯಾಗೂ ಈ ಬಜೆಟ್ಟಿಗೆ ಸಿಗಂಗಿಲ್ಲ. ಧೂಳು ಕೂತ್ರ ಅಂಗಳಕ್ಕ ಒಯ್ದು ಝಾಡಸಿದ್ರ ಆತು.

ಹಾಕೂದು ಹೆಂಗ ಅಂದ್ರ ಮೊಳಿ ಹೊಡಿಬಾರದು, ಹರೀತೈತಿ. ನಮ್ಮದು ತೂಗಿದ್ರ ಮೂರೂವರಿ ಕೆಜಿ ಬಂತು, ಅಷ್ಟೂ ಭಾರ ಎರಡ ಮೊಳಿ ಮ್ಯಾಲ ಬಿದ್ರ ಅರಬಿ ಏನ್ ಮಾಡೀತು. ಹಿಂದ ಮ್ಯಾಲಿನ ಅಂಚಿಗೆ ನಾಕ ಇಂಚು ಅಗಲದ ಪಟ್ಟಿ ಹೊಲದು, ಲಂಗಾಕ್ಕ ಲಾಡಿ ಪೋಣಸೂ ನೇಫಾ ಇರತೈತಲ್ಲ ಹಂಗ, ಅದರಾಗ ಪರದಾ ರಾಡ್ ತೂರಸ್ರಿ. ಹೊಲಿವಾಗ ಹಿಂದಿನ ಪದರಕ್ಕಷ್ಟ ಟಾಕಿ ಹಿಡೀರಿ, ಮುಂದ ಕಾಣಬಾರದು. ರಾಡು, ಬ್ರಾಕೆಟ್ಟು, ದರ್ಜಿ ಕೂಲಿ ಸೇರಿ 450 ರೂಪಾಯಿ. ಮನ್ಯಾಗ ಕೌದಿ ಇಲ್ಲದವರು ಹಳೇ ಸೀರಿ ಕೊಟ್ಟು ಹೊಲಸ್ರಿ, ಇನ್ನೂ ಹಳ್ಯಾಗ ಹೊಲಿಯೋರು ಅದಾರ, ಆದ್ರ ಚೌಕಾಶಿ ಮಾಡಬ್ಯಾಡ್ರಿ, ಒಂದೊಂದು ಕೌದಿಗೆ ಎಷ್ಟು ಸಾವಿರ ಟಾಕಿ ಬೀಳತಾವು ಕುಂತು ಎಣಸಿ ನೋಡ್ರಿ.

ಇಳಕಲ್ ಸೀರಿ ಸೆರಗೂ ಹಿಂಗ ಹಾಕಬಹುದು. ಕೆಂಪ ರೇಷ್ಮಿ ಮ್ಯಾಲ ಬಿಳಿ ತೆನಿ, ಕ್ವಾಟಿ ಗ್ವಾಡಿ ಹಲ್ಲಿನಂಗ, ಹಣಗಿಯಂಗ, ಜ್ವಾಳದ ತೆನಿಯಂಗ. ಸೆರಗಿನ ಹಾಸಿಗೂ ಮೈಯ ಹಾಸಿಗೂ (ಹಾಸು ಅಂದ್ರ ಉದ್ದಕ್ಕ ಹೋಗೂ ಎಳಿ) ಕೊಂಡಿ ಹಾಕಿ ಕೂಡಿಸಿರತಾರ, ಆ ಜಾಗಾ ಹತ್ರ ಹೋಗಿ ನೋಡಾಕ ಛಂದ, ಚಿತ್ರದಾಗ ಅದನ್ನ ಕಾಣೂಹಂಗ ಇಟ್ಕೋರಿ. ಒಂದ ಎಚ್ಚರಕಿ: ಹಳೇ ಸೀರಿ ವರ್ಷಾನುಗಟ್ಲೆ ಮಡಚಿ ಇಟ್ಟಿದ್ರ ಮಡಿಕಿ ಗೆರಿಗುಂಟ ರೇಷ್ಮಿ ಸತ್ತಿರತೈತಿ, ಚೌಕಟ್ಟಿಗೆ ಎಳದ ಸ್ಟೇಪಲ್ ಹೊಡದ್ರ ಚರ್ ಅಂತೈತಿ. ಮೊದಲ ಮಾಂಜರಪಾಟ ಎಳದ ಕೂಡಸಿ, ಅದರ ಮ್ಯಾಲ ಸೀರಿ ಹಾಸಿ ಸೂಜಿಲೆ ಸಡ್ಲಾಗಿ ಟಾಕಿ ಹಾಕ್ರಿ. ಮತ್ತ ಕತ್ತರಿ ಹಚ್ಚೂ ಮೊದಲ ಅವ್ವನ್ನ ಕೇಳ್ರಿ. ನಾನು ಕೇಳಿರಲಿಲ್ಲ, ಆ ಕತಿ ಇಲ್ಲಿ ಬ್ಯಾಡ. ಕತ್ತರಿಸದ, ಉಳದ ಸೀರಿ ಹಿಂದ ಮಡಚಿ ಕಟ್ಟಿದ್ರೂ ನಡೀತೈತಿ, ಬೇಕಾದಾಗ ಬಿಚ್ಚಿ ಉಟ್ಕೋಬಹುದು.

ಇನ್ನ ಗುಳೇದಗುಡ್ಡ ಖಣ, ಕುಪ್ಪಸದ ಅರಬಿ. ಒಂಬತ್ತು ಖಣ ತಂದು, ಬಡಿಗ್ಯಾರ ಹತ್ರ ಉಳದ ಪ್ಲೈವುಡ್ ಒಂದಡಿ ಒಂದಡಿ ಕೊಯ್ಸಿ, ಮ್ಯಾಲ ಖಣ ಎಳದು ಹಿಂದ ಸ್ಟೇಪಲ್ ಹೊಡದು, ಮೂರು ಸಾಲು, ಸಾಲಿಗೆ ಮೂರು, ನಡುವ ಎರಡಿಂಚು ಸಂದಿ. ಲೆಕ್ಕ ಹಾಕ್ರಿ, 40 ಇಂಚಿನ ಚೌಕ ಆತು. ಒಂದೊಂದು ಹಗರ, ಸಣ್ಣ ಮೊಳಿ ಸಾಕು. ಸಣ್ಣ ಸಣ್ಣದ ಕೂಡಿಸಿ ದೊಡ್ಡದು ಮಾಡೂ ಈ ಉಪಾಯ ಫೋಟೋಕ್ಕ ಮಾಡಾಕ ಹೋದ್ರ ಒಂಬತ್ತು ಫ್ರೇಮ್, ಒಂಬತ್ತು ಗಾಜು, ಖಲಾಸ್. ಖಣಕ್ಕ ಗಾಜು ಬ್ಯಾಡ. ಖಣ ಒಂದಕ್ಕ 120 ಕೊಟ್ಟೆ, ಒಟ್ಟು ಸಾವಿರದ ಐದನೂರರ ಒಳಗ ಮುಗೀತು, ಅರ್ಧ ದಿನದ ಕೆಲಸ. ಒಂದಕ್ಕೊಂದು ಹೊಂದೂ ಬಣ್ಣ ಆರಿಸ್ರಿ, ಒಂಬತ್ತೂ ಬ್ಯಾರೆ ಬ್ಯಾರೆ ತಗೊಂಡ್ರ ಮತ್ತ ಖಣದ ಅಂಗಡಿನ ಆಗತೈತಿ.

ಅರಬಿಗೆ ವೈರಿ ಬಿಸಲು. ಕಿಡಕಿಯಿಂದ ನೆಟ್ಟಗ ಬಿಸಲು ಬೀಳೂ ಗ್ವಾಡಿಗೆ ಹಾಕಿದ್ರ ಎರಡ ಬ್ಯಾಸಗಿಗೆ ಬಣ್ಣ ಹಾರತೈತಿ, ಅಂಥಾ ಗ್ವಾಡಿಗೆ ಎಮಲ್ಷನ್ ಚಿತ್ರ ಛಲೋ. ಎಣ್ಣಿ ಒಗ್ಗರಣಿ ಹೊಗಿ ಬರೂ ಕಡೆನೂ ಅರಬಿ ಬ್ಯಾಡ.

ಹಂಗಾದ್ರ ಯಾರಿಗೆ ಯಾವುದು

ಬೆಳಗಾವಿ ತಂಗಿಗೆ ಹೇಳಿದ್ದು: ಬಾಡಿಗಿ ಮನಿ, ಮಾಲಕರು ಮೊಳಿ ಹೊಡಿಯಾಕ ಬಿಡಂಗಿಲ್ಲ, ಮಳಿ ಭಾಳ. ಕಿತ್ತು ತಗಿಯೂ ಅಂಟು ಪಟ್ಟಿ ನಯಸ್ಸಾದ ಆಯಿಲ್ ಪೇಂಟಿಗೆ ಹಿಡೀತಾವು, ಸುಣ್ಣಕ್ಕ, ಡಿಸ್ಟೆಂಪರಿಗೆ ಹಿಡಿಯಂಗಿಲ್ಲ, ಅದಕ್ಕ ಮೊದಲ ಗ್ವಾಡಿಗೆ ಅಂಗೈ ಆಡಿಸಿ ನೋಡವ್ವ, ಬಿಳಿ ಹುಡಿ ಹತ್ತಿದ್ರ ಅಂಟು ಮರೀ. ಸನ್‌ಬೋರ್ಡ್ ಹಗರ ಐತಿ, ಮೊದಲಿದ್ದ ಬಾಡಿಗ್ಯಾರು ಬಿಟ್ಟ ಹೋದ ಮೊಳಿ ಒಂದರ ಇದ್ದ ಇರತೈತಿ, ಅದಕ್ಕ ಹಾಕು, ಇಲ್ಲಾ ಟೇಬಲ್ ಮ್ಯಾಲ ಗ್ವಾಡಿಗೆ ಆನಿಸಿ ನಿಲ್ಲಸು. ಏನ ಹಾಕಿದ್ರೂ ಹಿಂದ ಹವಾ ಆಡಬೇಕು. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಒಂದೊಂದು ಇಂಚಿನ ನಾಕು ತುಂಡು ಮಾಡಿ ಹಿಂದಿನ ನಾಕೂ ಮೂಲಿಗೆ ಅಂಟಸು, ಚಿತ್ರಕ್ಕೂ ಗ್ವಾಡಿಗೂ ಬೆಳ್ಳಿನಷ್ಟು ಸಂದಿ ಉಳೀತೈತಿ, ಬೂಷ್ಟು ಬರಂಗಿಲ್ಲ. ಹಲ್ಲಿ ಬಂದು ಸೇರತೈತಿ, ಅದಕ್ಕ ನನ್ನ ಹತ್ರ ಉಪಾಯ ಇಲ್ಲ.

ಕಾಕೂಗೆ ಹದಿನೈದ ದಿನಾ ಉಳದಿತ್ತು, ಕ್ಯಾನ್ವಾಸ್ ಪ್ರಿಂಟ್ ಹೇಳ್ದೆ, ಆಕಿ ಮೂರು ಸಾವಿರ ಕೇಳಿ ಹೌಹಾರಿ ಖಣದ ಕಡೆ ಹೊಳ್ಳಿದಳು. ಈಗ ಬೀಗರು ಬಂದಾಗೊಮ್ಮೆ "ಇದು ನಮ್ಮ ಸೊಸಿ ಊರಿನ ಖಣ" ಅಂತ ತೋರಸ್ತಾಳ, ಸೊಸಿ ಊರು ಗುಳೇದಗುಡ್ಡ ಅಂತ ನನಗೂ ಗೊತ್ತಿರಲಿಲ್ಲ.

ಐದನೂರರ ಒಳಗ ಆಗಬೇಕು ಅಂದ್ರ ಟ್ರಂಕ್ ತಗದು ಕೌದಿ ಹುಡಕ್ರಿ, ಇಲ್ಲಾ ಪ್ಲಾಟರ್ ಪ್ರಿಂಟ್. ಸಾವಿರ, ಎರಡ ಐತವಾರ ಇದ್ರ ಮಾಂಜರಪಾಟ ಕ್ಯಾನ್ವಾಸ್. ಮನ್ಯಾಗ ಸಣ್ಣ ಹುಡುಗ್ರು ಇದ್ದು ಸೋಫಾ ಮ್ಯಾಲ ಕುಣದಾಡತಿದ್ರ ಗಾಜಿನದು ಯಾವುದೂ ಬ್ಯಾಡ, ಚೌಕಾಶಿನ ಇಲ್ಲ.

ವಿಜಯಪುರದ ಗೆಳೆಯಂದು ಮಾತ್ರ ಇನ್ನೂ ಮುಗದಿಲ್ಲ. ನಾನು ಹೇಳಿದಂಗ ಪೇಪರ್ ಹಾಳಿ ಕೂಡಿಸಿ ಸೈಜು ನೋಡಾಕ ಗ್ವಾಡಿಗೆ ಹಚ್ಚಿದ್ನಂತ, ಅದಾಗಿ ಮೂರು ವಾರ ಆತು. ನಿನ್ನೆ ಫೋನ್ ಮಾಡಿದ್ರ ಅಂದ, "ಸೈಜು ಬರೋಬ್ಬರಿ ಐತಲೇ, ಆದ್ರ ಅಪ್ಪಾರು ತಗಿಬ್ಯಾಡ ಅಂತಾರ, ಊಟ ಆದ ಮ್ಯಾಲ ಕೈ ಕಟ್ಕೊಂಡು ಅಲ್ಲೇ ನಿಂತು ಹಳೇ ಸುದ್ದಿ ಓದತಾರ."